ನಮ್ಮತ್ತಿಯವರ ಕೆಮ್ಮು, ಚೀನಾ ಡಾಕ್ಟರಮ್ಮನ ಔಷಧ

ಚೀನಾ ವೈದ್ಯಕಿ ಮಾಡೋ ಕ್ಲಿನಿಕ್ಕಿನಾಗ ಕೂತು ಫೋನ್ ಎತ್ತೋದು ನನ್ನ ಕೆಲಸ. ಇಂಥಾ ಜಾಗಾದಾಗ ಏನೂ ಆಗದ ದಿನಾ ಅಂತ ಒಂದೂ ಇರಂಗಿಲ್ಲ ನೋಡ್ರಿ. ಒಬ್ಬರು ಸೂಜಿ ಕಂಡ ಕೂಡ್ಲೇ ಕೋಟು ಬಿಟ್ಟು ಓಡಿ ಹೋಗ್ತಾರ. ಇನ್ನೊಬ್ಬರು ಸೂಜಿ ಚುಚ್ಚಿಸಿಕೊಂಡು ಮಲಕೊಂಡ್ರ, ಕ್ಲಿನಿಕ್ಕಿನ ಬಾಗಲಾ ಹಾಕೋ ಹೊತ್ತಾದ್ರೂ ಏಳಂಗಿಲ್ಲ. ಮೊದಮೊದಲು ನಾ ಒಳಗ ಹೋಗಿ ನಕ್ಕು ಬರ್ತಿದ್ದೆ. ಈಗ ಕೌಂಟರಿನಾಗ ಕೂತೇ ನಗ್ತೀನಿ. ಆದ್ರ ಎಲ್ಲಾಕ್ಕಿಂತ ಹೆಚ್ಚು ನಗಿಸಿದ್ದು ಮತ್ತ ಅಳಿಸಿದ್ದು ನಮ್ಮ ಮನೀ ಮಂದೀನೇ.

ಕ್ಲಿನಿಕ್ಕು ಇರೋದು ಲಂಡನ್ನಿನ ರೇನರ್ಸ್ ಲೇನ್‌ದಾಗ, ಒಂದು ಕಿರಾಣಿ ಅಂಗಡಿ ಬಾಜೂಕ. ಡಾಕ್ಟರು ಚೀನಾದ ಹೆಣ್ಣುಮಗಳು. ನನಗಿಂತ ಸಣ್ಣಾಕಿ, ಮೈಮ್ಯಾಲ ಮಾಂಸಾನೇ ಇಲ್ಲ. ನಾ ಡಾಕ್ಟರಮ್ಮ ಅಂತೀನಿ. ಆಕಿ ಹೇಳೋ ಪ್ರಕಾರ ಮೈ ಬ್ಯಾರೆ, ಮನಸು ಬ್ಯಾರೆ ಅಲ್ಲ. ಸಿಟ್ಟು ಲಿವರಿನಾಗ ಕೂಡ್ತದಂತ, ಅಂಜಿಕಿ ಕಿಡ್ನಿಯೊಳಗ, ದುಃಖ ಶ್ವಾಸಕೋಶದಾಗ. ಹೊಟ್ಟಿಕಿಚ್ಚು ಎಲ್ಲಿ ಇರ್ತದಂತ ನಮಗೂ ಗೊತ್ತದಲ್ಲ, ಹಂಗ. ಅದಕ್ಕ ನನಗ ಆಕಿ ಮಾತು ಹೊಸಾದು ಅಂತ ಅನಿಸ್ಲೇ ಇಲ್ಲ.

ಈಗ ನಮ್ಮತ್ತಿಯವರ ವಿಷಯಕ್ಕ ಬರ್ತೀನಿ. ನಮ್ಮ ಮಾವ ವಿಜಯಪುರದಾಗ ಹೆಡ್‌ಮಾಸ್ತರ್ ಆಗಿದ್ರು. ಅವರು ತೀರಿಕೊಂಡಾಗ ನಮ್ಮತ್ತಿ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮಾತಾಡಿಸ್ಲಿಕ್ಕೆ ಬಂದ ಮಂದೀಗೆ ತಾವೇ ಚಹಾ ಮಾಡಿ ಕೊಟ್ರು. ಆಮ್ಯಾಲ ನಮ್ಮ ಜೋಡಿ ಲಂಡನ್ನಿಗೆ, ಕೆಂಟನ್‌ದಾಗಿನ ನಮ್ಮ ಮನೀಗೆ ಬಂದ್ರು. ಇಲ್ಲಿ ಬಂದು ವರ್ಷ ದಾಟಿದ್ರೂ ಮಾವನ ಸುದ್ದಿ ಒಮ್ಮೆನೂ ಬಾಯಾಗ ಬರ್ಲಿಲ್ಲ. ಬಂದಿದ್ದು ಒಂದು ಒಣ ಕೆಮ್ಮು. ನಿದ್ದಿ ಇಲ್ಲ, ಊಟಾ ಅಂದ್ರ ಗುಬ್ಬಿ ತಿಂದಷ್ಟು. ಜಿಪಿ, ಅಂದ್ರ ಇಲ್ಲಿನ ಓಣಿ ಡಾಕ್ಟರು, ಎಕ್ಸ್-ರೇ ತೆಗೆಸಿದ್ರು, ರಕ್ತಾ ನೋಡಿದ್ರು, ಎಲ್ಲಾ ಸರಿ ಅದ ಅಂದ್ರು. ನಮ್ಮ ಮನಿಯವರು ಒಬ್ಬನೇ ಮಗ. "ಅವ್ವ ಒಮ್ಮೆ ಬಾಯಿ ತೆಗೆದು ಅತ್ತುಬಿಟ್ರ ಸಾಕಾಗಿತ್ತು ನೋಡು" ಅಂತಿದ್ರು. ನನಗೂ ಅದೇ ಚಿಂತಿ. ಅತ್ತಿ ಹಿಂಗೇ ಒಳಗೊಳಗೇ ಒಣಗಿ ಹೋಗ್ತಾರೇನೋ ಅಂತ.

"ಬರ್ರಿ ಅತ್ತೀ, ನಮ್ಮ ಡಾಕ್ಟರಮ್ಮಗ ಒಮ್ಮೆ ತೋರಿಸೋಣು" ಅಂದೆ.

"ನಿನ್ನ ಕೆಲಸದ ಜಾಗಾ ನೋಡಿದಂಗಾತು, ನಡಿ" ಅಂತ ಎದ್ರು.

ಕೆಂಪು ನಾಲಗಿ

ಚೀನಾ ವೈದ್ಯದಾಗ ಮೊದಲು ನಾಡಿ, ಆಮ್ಯಾಲ ನಾಲಗಿ. ಡಾಕ್ಟರಮ್ಮ ನಮ್ಮತ್ತಿ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿ ನಾಡಿ ನೋಡಿದಳು. ಆಮ್ಯಾಲ ನಾಲಗಿ ತೋರಿಸ್ರಿ ಅಂದಳು. ಅತ್ತಿ ತೋರಿಸಿದ್ರು.

ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದಳು! ದೀಪಾ ಹಚ್ಚಿದಳು, ಕನ್ನಡಕ ಬದಲು ಮಾಡಿದಳು, ಮತ್ತ ಬಗ್ಗಿ ನೋಡಿದಳು. "ಇಷ್ಟು ಉಷ್ಣ ನಾ ಇಷ್ಟು ವರ್ಷದಾಗ ನೋಡಿಲ್ಲ. ಇವರು ಹ್ಯಾಂಗ ನಡ್ಕೊಂಡು ಬಂದ್ರು?" ಅಂತ ನನ್ನ ಕೇಳಿದಳು. ಹೋಗಿ ನೋಡಿದ್ರ ಏನದ? ನಮ್ಮ ಮನಿಯವರು ನಮ್ಮ ದೇಶದ ಅಂಗಡಿ ಇರೋ ಸೌತ್‌ಹಾಲ್‌ಗೆ ಹೋದಾಗೆಲ್ಲಾ ಅವ್ವಗ ಎಲಿ ಅಡಿಕಿ ತರ್ತಾರ. ಅತ್ತಿ ಊಟಾ ಮಾಡಿ, ಕಾರಿನಾಗ ಬರೋ ಮುಂದ ಎಲಿ ಹಾಕ್ಕೊಂಡಿದ್ರು. ಸುಣ್ಣ ಸ್ವಲ್ಪ ಜೋರೇ ಆಗಿತ್ತು.

ಬಾಯಿ ಮುಕ್ಕಳಿಸಿ ಬಂದ ಮ್ಯಾಲ ನೋಡಿದ್ರ, ನಾಲಗಿ ಬಿಳಿಚಿಕೊಂಡಿತ್ತು. ಡಾಕ್ಟರಮ್ಮಗ ಜೀವಾ ಬಂತು. "ನಿಮ್ಮ ಊರಾಗ ಎಲ್ಲಾರ ನಾಲಗೀನೂ ಹಂಗ ಕೆಂಪೇ ಇರ್ತಾವೇನು?" ಅಂತ ಕೇಳಿದಳು. ನಾ ಅತ್ತಿಗೆ ಹೇಳಿದೆ.

"ಉಂಡವರದು ಹಂಗೇ ಇರ್ತದಂತ ಹೇಳು" ಅಂದ್ರು ಅತ್ತಿ. "ಬಿಳೇದಿದ್ರ ಅವರಿಗೆ ಔಷಧಿ ಕೊಡಬ್ಯಾಡ, ಮೊದಲು ಊಟಕ್ಕ ಹಾಕು."

ಎರಡು ದೇಶದ ಒಪ್ಪಂದ

ಎರಡನೇ ಸಲ ಸೂಜಿ. ಸೂಜಿಗೆ ನಮ್ಮತ್ತಿ ಅಂಜಲಿಲ್ಲ. ಮಂಚದ ಮ್ಯಾಲ ಕೂತವರು ಗ್ವಾಡಿ ಕಡೆ ಒಮ್ಮೆ, ಬಾಗಲಾ ಕಡೆ ಒಮ್ಮೆ ನೋಡಿ, "ಇದು ಯಾವ ದಿಕ್ಕಾತು?" ಅಂದ್ರು. ಫೋನಿನಾಗ ನೋಡಿದೆ. ಎಡವಟ್ಟಾತು, ತಲಿದಿಂಬು ಇದ್ದದ್ದು ಉತ್ತರಕ್ಕ.

"ಹತ್ತು ಸೂಜಿ ಚುಚ್ಚಲಿ ಬೇಕಾದ್ರ. ಉತ್ತರಕ್ಕ ತಲಿ ಮಾಡಿ ನಾ ಮಲಗಂಗಿಲ್ಲ" ಅಂತ ಚಪ್ಪಲಿ ಮೆಟ್ಟಿಕೊಂಡ್ರು.

ಡಾಕ್ಟರಮ್ಮ ನಗ್ತಾಳೇನೋ ಅಂದ್ಕೊಂಡೆ. ಇಲ್ರೀ. ಭಾಳ ಗಂಭೀರಾಗಿ ಕೇಳಿಸಿಕೊಂಡು, ನನ್ನ ಜೋಡಿ ಸೇರಿ ಆ ಒಜ್ಜೆ ಮಂಚಾ ಹಿಂದು ಮುಂದು ಮಾಡಿದಳು. ಅತ್ತಿ ಸಮಾಧಾನ ಆಗಿ ಇನ್ನೇನು ಮಲಗಬೇಕು, ಡಾಕ್ಟರಮ್ಮ "ನಿಲ್ರಿ ನಿಲ್ರಿ!" ಅಂತ ಚೀರಿದಳು. ಈಗ ಕಾಲು ಬಾಗಲಾ ಕಡೆ ಆಗಿದ್ವು. ಬಾಗಲಾ ಕಡೆ ಕಾಲು ಮಾಡಿ ಮಲಗಿಸೋದು ಅವರ ಕಡೆ ಹೆಣಕ್ಕಂತ. "ನನ್ನ ಪೇಶಂಟನ್ನ ನಾ ಹಂಗ ಮಲಗಿಸಂಗಿಲ್ಲ" ಅಂದಳು.

ಅತ್ತಿ ಇತ್ತ ಬಿಡವಲ್ರು, ಡಾಕ್ಟರಮ್ಮ ಅತ್ತ ಬಿಡವಲ್ಲಳು. ನಡುವ ನಾನು, ಇಬ್ಬರ ಮಾತೂ ಇಬ್ಬರಿಗೂ ಹೇಳಿ ಹೇಳಿ ಬಾಯಿ ನೋಯಿಸ್ಕೊಂಡೆ. ಕಡೀಕ ಮಂಚಾ ಅಡ್ಡ ಹಾಕಿದ್ವಿ. ತಲಿ ಪೂರ್ವಕ್ಕ, ಕಾಲು ಪಶ್ಚಿಮಕ್ಕ. ಇಬ್ಬರೂ ಖುಷ್. ಆದ್ರ ಖೋಲಿ ಸಣ್ಣದು, ಬಾಗಲಾ ಅರ್ಧಾನೇ ತೆರೀತದ. ಅವತ್ತಿನಿಂದ ಎಲ್ಲಾರೂ ಹೊಟ್ಟಿ ಒಳಗ ಎಳಕೊಂಡು ಅಡ್ಡಡ್ಡನೇ ಒಳಗ ಹೋಗಬೇಕು. ಮೊನ್ನೆ ಒಬ್ಬ ದಪ್ಪಗಿನ ಇಂಗ್ಲಿಷ್ ಸಾಹೇಬರು ನಡುವ ಸಿಕ್ಕೊಂಡು, "ಈ ಮಂಚಾ ಹಿಂಗ್ಯಾಕ?" ಅಂತ ಕೇಳಿದ್ರು. "ಇಂಡಿಯಾ ಮತ್ತ ಚೀನಾದ ನಡುವ ಒಪ್ಪಂದ ಆಗ್ಯದ್ರಿ, ಮುಟ್ಟೋ ಹಂಗಿಲ್ಲ" ಅಂದೆ.

ಅವತ್ತು ಸೂಜಿ ಹಾಕಿ, ಡಾಕ್ಟರಮ್ಮ ಅತ್ತಿ ಬಾಜೂಕ ಕೂತು, "ದುಃಖ ಶ್ವಾಸಕೋಶದಾಗ ಕೂತದ. ಏನು ನೋವು ಅಂತ ಕೇಳು" ಅಂದಳು. ಕೇಳಿದೆ. ಅತ್ತಿ ಮ್ಯಾಲ ಛತ್ತು ನೋಡಿದ್ರು. "ಆ ಹುಡುಗಿ ಮುಂಜಾನಿಂದ ನಿಂತು ನಿಂತು ಈಗ ಕೂತದ, ಪಾಪ. ಒಂದು ಕಪ್ ಚಹಾ ಕೊಡು" ಅಂದ್ರು. ಅಷ್ಟೇ. ಡಾಕ್ಟರಮ್ಮಗ ಏನಂತ ಹೇಳಲಿ? ಚಹಾನೇ ಮಾಡಿಕೊಟ್ಟೆ.

ತೇವಾ

ನಮ್ಮಲ್ಲಿ ಮಂಗಳೂರು ಕಡೆ ಅಂಕಲ್ ಒಬ್ಬರು ಮೊಣಕಾಲು ನೋವಿಗೆ ಬರ್ತಾರ. ಆದಿತ್ಯವಾರ ಚರ್ಚು, ಬುಧವಾರ ನಮ್ಮ ಕ್ಲಿನಿಕ್ಕು, ತಪ್ಪಿಸಂಗಿಲ್ಲ. ಒಂದಿನ ಒಳಗಿಂದ ಮಾರಿ ಸಣ್ಣದು ಮಾಡಿಕೊಂಡು ಬಂದು ನಮ್ಮತ್ತಿ ಬಾಜೂಕ ಕೂತ್ರು.

"ಏನಂದ್ರು ಡಾಕ್ಟರಮ್ಮ?" ಅಂದೆ.

"ಗಂಟಿನಲ್ಲಿ ಥಂಡಿ ಮತ್ತು ತೇವ ಸೇರಿಕೊಂಡಿದೆಯಂತೆ. ಥಂಡಿಯಿಂದಲೂ ದೂರ ಇರಬೇಕು, ತೇವದಿಂದಲೂ ದೂರ ಇರಬೇಕು ಅಂತಾರೆ" ಅಂದ್ರು. ಕಿಡಕಿಯಿಂದ ಹೊರಗ ಜಿಟಿಜಿಟಿ ಹತ್ತಿದ್ದ ಮಳಿ ನೋಡಿ, "ಎಂತ ಮಾರಾಯ್ರೆ, ಔಷಧ ಕೊಟ್ಟದ್ದೋ, ಲಂಡನ್ ಬಿಟ್ಟು ಹೋಗು ಅಂತ ಹೇಳಿದ್ದೋ?"

ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ನಮ್ಮತ್ತಿ ನಗಲಿಲ್ಲ, ಒಂದು ಸಲ ಕೆಮ್ಮಿದ್ರು. ನನ್ನ ನಗೀನೂ ಅಲ್ಲೇ ನಿಂತಿತು.

ಸಾರು

ಡಾಕ್ಟರಮ್ಮ ಒಂದು ಪಾಕೀಟು ಔಷಧಿ ಕಟ್ಟಿ ಕೊಟ್ಟಳು. ಬೇರು, ತೊಗಟಿ, ಒಣಗಿದ ಕಿತ್ತಳಿ ಸಿಪ್ಪಿ. ಅತ್ತಿ ಮನ್ಯಾಗ ಒಂದೊಂದೂ ಮೂಸಿ ನೋಡಿ, "ಇದು ಜೇಷ್ಠಮಧು, ಇದು ಶುಂಠಿ. ಇದನ್ನೇನು ಚೀನಾದಿಂದ ತರೋದು?" ಅಂದ್ರು. ಕುದಿಸಿ ಒಂದು ಗುಟುಕು ಕುಡಿದು ಮಾರಿ ಕಿವಿಚಿದ್ರು.

ಮರುದಿನಾ ಸಂಜಿಕ ನಾ ಕೆಲಸದಿಂದ ಬಂದ್ರ ಮನೀ ತುಂಬ ಇಂಗು, ಬೆಳ್ಳೊಳ್ಳಿ ಒಗ್ಗರಣಿ ವಾಸನಿ. ನಮ್ಮ ಮನಿಯವರು ಅನ್ನಾ ಕಲಿಸ್ಕೊಂಡು ಸುರ್ ಸುರ್ ಅಂತ ಉಣ್ಣಲಿಕ್ಕೆ ಹತ್ಯಾರ. "ಅವ್ವಾ, ಸಾರು ಭಾಳ ಛಲೋ ಆಗ್ಯದ. ಇನ್ನೊಂದು ಸೌಟು ಹಾಕು!"

ಒಲಿ ಮ್ಯಾಲ ನೋಡಿದ್ರ, ಬೋಗಾಣಿಯೊಳಗ ತೊಗರಿಬ್ಯಾಳಿ ಜೋಡಿ ಡಾಕ್ಟರಮ್ಮನ ಬೇರುಗಳು ಕುಣೀಲಿಕ್ಕೆ ಹತ್ತಿದ್ವು.

"ಅತ್ತೀ! ಇದು ನಿಮ್ಮ ಔಷಧಿ!"

"ಬರೇ ಕುಡೀಲಿಕ್ಕೆ ಬರಂಗಿಲ್ಲ ಅದು, ಕಹಿ. ಒಗ್ಗರಣಿ ಕೊಟ್ಟೆ, ಸುಧಾರಿಸ್ತು" ಅಂದ್ರು.

ಗಾಬರಿಯಾಗಿ ಡಾಕ್ಟರಮ್ಮಗ ಫೋನ್ ಹಚ್ಚಿದೆ. ಆಕಿ ಎಷ್ಟು ಉಂಡಾರಂತ ಕೇಳಿ, "ಏನೂ ಆಗಂಗಿಲ್ಲ, ನಿದ್ದಿ ಬರ್ತದ ಅಷ್ಟೇ" ಅಂದಳು. ಬಂತು ನೋಡ್ರಿ! ಮರುದಿನಾ ಮುಂಜಾನೆ ಅಲಾರಂ ಬಡಕೊಂಡು ಬಡಕೊಂಡು ಸುಸ್ತಾತು, ನಮ್ಮ ಮನಿಯವರು ಏಳವಲ್ರು. ಟ್ಯೂಬ್ ರೈಲು ತಪ್ಪಿತು, ಮೀಟಿಂಗ್ ತಪ್ಪಿತು. ಅತ್ತಿ ಮಾತ್ರ ಬೆಳತನಾ ಎಚ್ಚರ ಇದ್ದವರು, ಮಗನ ತಲಿ ಹತ್ರ ಕೂತಿದ್ರು. "ಮಲಗಲಿ ಬಿಡು. ಎಷ್ಟು ಛಂದ ಮಲಗ್ಯಾನ" ಅಂದ್ರು. ಔಷಧಿ ಖರೇನೇ ಛಲೋ ಇತ್ತು. ಬಿದ್ದದ್ದು ಮಾತ್ರ ಬ್ಯಾರೇವರ ಹೊಟ್ಟಿಗೆ.

ಶ್ವಾಸದ ಶಬ್ದ

ಸೂಜಿ ಆತು, ಸಾರು ಆತು, ಕೆಮ್ಮು ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ. ಕಣ್ಣೀರೂ ಬರ್ಲಿಲ್ಲ. ಡಾಕ್ಟರಮ್ಮ ಶನಿವಾರ ಮುಂಜಾನೆ ಕೆಂಟನ್‌ದಾಗ ಒಂದು ಹಾಲ್ ಹಿಡಿದು ಉಸಿರಾಟದ ಕ್ಲಾಸು ನಡಸ್ತಾಳ. "ಅಲ್ಲಿಗೆ ಕರಕೊಂಡು ಬಾ" ಅಂದಳು. ಒಳಗಿನ ಒಂದೊಂದು ಅಂಗಕ್ಕ ಒಂದೊಂದು ಶಬ್ದ ಅದ. ಆ ಶಬ್ದಾ ಮಾಡಿ ಉಸಿರು ಬಿಟ್ರ ಅದರೊಳಗ ಕೂತದ್ದು ಹೊರಗ ಬರ್ತದಂತ.

ಬಂದವರು ಯಾರ್ಯಾರು ಅಂದ್ರ, ನಮ್ಮತ್ತಿ, ನಾನು, ಮಂಗಳೂರು ಅಂಕಲ್ಲು, ಅವರ ಹೆಂಡತಿ, ನಮ್ಮ ಓಣಿಯ ಗುಜರಾತಿ ಆಂಟಿಗಳು, ಮತ್ತ ಒಬ್ಬಾಕಿ ಇಂಗ್ಲಿಷ್ ಅಜ್ಜಿ. ನಮ್ಮ ಮನಿಯವರು ಕಾರು ತಂದವರು, ಹಿಂದ ಕುರ್ಚಿ ಮ್ಯಾಲ ಫೋನ್ ನೋಡ್ಕೋತ ಕೂತ್ರು.

"ಇವತ್ತು ಶ್ವಾಸಕೋಶದ ಶಬ್ದ" ಅಂದಳು ಡಾಕ್ಟರಮ್ಮ. "ಹಲ್ಲು ಕೂಡಿಸಿ, ಸಣ್ಣಗ, ಉದ್ದಕ ಬಿಡ್ರಿ. ಸ್ಸ್ಸ್ಸ್..."

ಎಲ್ಲಾರೂ ಸ್ಸ್ಸ್ಸ್ ಅಂದ್ವಿ. ಮತ್ತೊಮ್ಮೆ, ಸ್ಸ್ಸ್ಸ್. ಮೂರನೇ ಸಲಕ್ಕ ಮಂಗಳೂರು ಅಂಕಲ್ ಒಂದು ಕಾಲು ಬಿಟ್ಟು ಇನ್ನೊಂದು ಕಾಲ ಮ್ಯಾಲ ನಿಂತ್ರು. "ಒಂದು ನಿಮಿಷ" ಅಂತ ಹೊರಗ ಹೋದ್ರು. ಹಿಂದೇ ಒಬ್ಬಾಕಿ ಗುಜರಾತಿ ಆಂಟಿ. ಆಕಿ ಹಿಂದ ಇನ್ನೊಬ್ಬಾಕಿ. ಅಂಕಲ್ ಹೆಂಡತಿ "ಅಯ್ಯೋ ದೇವರೇ" ಅಂತ ಸೀರಿ ಎತ್ತಿ ಓಡಿದ್ರು. ಹಾಲಿಗೆ ಇದ್ದದ್ದು ಒಂದೇ ಪಾಯಖಾನಿ, ಹೊರಗ ಸಾಲು ಹತ್ತಿತು. ನಾನೂ ಹಲ್ಲು ಕಚ್ಚಿ ಹಿಡಕೊಂಡು ನಿಂತಿದ್ದೆ, ಸುಳ್ಯಾಕ ಹೇಳಲಿ! ಇಂಗ್ಲಿಷ್ ಅಜ್ಜಿ ಒಬ್ಬಾಕೀನೇ ಕಣ್ಣು ಮುಚ್ಚಿ ಆರಾಮ ಸ್ಸ್ಸ್ಸ್ ಅನ್ಲಿಕ್ಕೆ ಹತ್ತಿದ್ಲು. ಅಷ್ಟರಾಗ ನಮ್ಮ ಮನಿಯವರೂ ಫೋನ್ ಕುರ್ಚಿ ಮ್ಯಾಲ ಒಗದು, ಯಾರನ್ನೂ ನೋಡದ ದಡದಡ ಓಡಿದ್ರು.

ಡಾಕ್ಟರಮ್ಮಗ ಏನೂ ತಿಳೀಲಿಲ್ಲ. "ಏನಾತು ಇವರಿಗೆಲ್ಲಾ? ಏನು ತಿಂದು ಬಂದಾರ?"

ನಾಚಿಕೋತ ಹೇಳಿದೆ. ನಮ್ಮ ಕಡೆ ಸಣ್ಣ ಕೂಸುಗಳನ್ನ ಉಚ್ಚಿ ಹೊಯ್ಯಿಸೋ ಮುಂದ ಕಾಲ ಮ್ಯಾಲ ಕುಂಡ್ರಿಸಿಕೊಂಡು ಇದೇ ಶಬ್ದಾ ಮಾಡ್ತೀವ್ರಿ. ನಾವೆಲ್ಲಾ ಇದನ್ನ ಕೇಳೇ ದೊಡ್ಡವರಾಗೀವಿ. ಈ ಶಬ್ದಾ ಕೇಳಿದ್ರ ಮೈ ತಾನೇ ಮಾತು ಕೇಳ್ತದ.

ಡಾಕ್ಟರಮ್ಮ ಬಾಯಿ ಮ್ಯಾಲ ಕೈ ಇಟ್ಟುಕೊಂಡು ನಗ್ಲಿಕ್ಕೆ ಸುರು ಮಾಡಿದಳು. ಅವರ ಕಡೆ ತಾಯಂದಿರೂ ಹಂಗೇ ಮಾಡ್ತಾರಂತ, ಆದ್ರ ಅವರದು "ಶ್ಶೂ". ಅದು ಲಿವರಿನ ಶಬ್ದ. ಮುಂದಿನ ವಾರ ಅದನ್ನೇ ಕಲಿಸೋದಿತ್ತಂತ!

ಅಷ್ಟರಾಗ ಬಾಜೂಕ ಏನೋ ಸಪ್ಪಳಾತು. ತಿರುಗಿ ನೋಡಿದ್ರ ನಮ್ಮತ್ತಿ. ಬಾಗಲಾ ಕಡೆ, ಮಗ ಓಡಿದ ಕಡೆ ನೋಡಿ ನಗ್ಲಿಕ್ಕೆ ಹತ್ಯಾರ. ಎಷ್ಟು ದಿನಾ ಆಗಿತ್ತು ಆ ನಗಿ ಕೇಳಿ! ಹೊಟ್ಟಿ ಹಿಡಕೊಂಡು ಕುರ್ಚಿ ಮ್ಯಾಲ ಕೂತ್ರು.

"ಅವ್ರೇ ಮಾಡಿಸ್ತಿದ್ರವ್ವಾ ಇವಗ" ಅಂದ್ರು. ನಗೀಯೊಳಗ ಮಾತು ಸರಿ ಬರವಲ್ದು. "ನಾ ಸ್ಸ್ ಅಂದ್ರ ಅಳ್ತಿದ್ದ, ಒಟ್ಟ ಮಾಡ್ತಿದ್ದಿಲ್ಲ. ಅವ್ರೇ ಬೇಕು. ಸಾಲ್ಯಾಗ ಹುಡುಗೂರು ಅವ್ರನ್ನ ಕಂಡ್ರ ಥರಥರ ನಡಗ್ತಿದ್ವು. ಮನ್ಯಾಗ ನೋಡಿದ್ರ ಧೋತ್ರಾ ಎತ್ತಿ ಕಟ್ಟಿಕೊಂಡು, ಹಿತ್ತಲದಾಗ ಕಾಲು ಚಾಚಿ ಕೂತು, ಕೂಸಿನ ಮುಂದ ಸ್ಸ್ಸ್ಸ್, ಸ್ಸ್ಸ್ಸ್... 'ಏ, ಬಂತು ನೋಡ ಬಾರೇ' ಅಂತ ನನ್ನ ಕರೀತಿದ್ರು. ಏನೋ ದೊಡ್ಡ ಪರೀಕ್ಷಾ ಪಾಸ್ ಆದಂಗ..."

ಅಲ್ಲೇ ದನಿ ಒಡೀತು. ನಗಿ ಹಂಗೇ ಅಳು ಆತು. "ಹೋಗೇ ಬಿಟ್ರವ್ವಾ, ನನ್ನ ಬಿಟ್ಟು ಹೋಗೇ ಬಿಟ್ರು" ಅಂತ ನನ್ನ ಕೈ ಹಿಡಕೊಂಡು ಬಾಯಿ ತೆಗೆದು ಅತ್ರು. ನಾ ಅವರನ್ನ ತಬ್ಬಿಕೊಂಡು ಅತ್ತೆ. ಡಾಕ್ಟರಮ್ಮ ಕೆಳಗ ಕೂತು ಅತ್ತಿ ಕಾಲು ನೀವಿದಳು. ಆಕಿಗೆ ಒಂದು ಅಕ್ಷರ ಕನ್ನಡ ಬರಂಗಿಲ್ಲ, ಆಕೀನೂ ಅತ್ತಳು. ನನ್ನ ಎದಿ ಮ್ಯಾಲಿನ ಕಲ್ಲು ಇಳಿದಂಗಾತು. ಒಬ್ಬೊಬ್ಬರೇ ಹೊರಗಿಂದ ಬಂದವರು ಸುತ್ತಲೂ ನಿಂತ್ರು.

ಕಡೀಕ ಬಂದವರು ನಮ್ಮ ಮನಿಯವರು. ಒದ್ದಿ ಕೈ ಪ್ಯಾಂಟಿಗೆ ಒರಸ್ಕೋತ ಬಾಗಲದಾಗೇ ನಿಂತುಬಿಟ್ರು. ಅವ್ವ ಅಳೋದು ನೋಡಿ ಅವರ ಮಾರಿ ಕೂಸಿನ ಮಾರಿ ಆಗಿತ್ತು.

ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಗನ ಕಡೆ ನೋಡಿ, ಬಿಕ್ಕುತ್ತಲೇ ಕೇಳಿದ್ರು: "ಆತೇನಪಾ?"

ಐವತ್ತು ದಾಟಿದ ನಮ್ಮ ಮನಿಯವರು, ಅಷ್ಟೂ ಮಂದಿ ಮುಂದ, ತಲಿ ಅಲ್ಲಾಡಿಸಿ ಅಂದ್ರು: "ಹೂಂ, ಆತವ್ವಾ."