ಪೋಲೆಂಡಿನ ಮೈದಾನದಲ್ಲಿ ಬಿಚ್ಚಿಟ್ಟ ಬೂಟು

ಓದಿದವನಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ನನಗೆ ಬರುತ್ತದೆ. ಎಲ್ಲವನ್ನೂ ಸಂಶಯದಿಂದ ನೋಡು ಎಂದು ವಿಶ್ವವಿದ್ಯಾಲಯ ಕಲಿಸಿತು, ನಿಜ. ಆದರೆ ನನ್ನ ನೆನಪನ್ನು ಸಂಶಯಿಸುವ ಹಕ್ಕು ನನ್ನೊಬ್ಬನದು, ನನ್ನ ಹಳೆಯ ಸಹೋದ್ಯೋಗಿ ಶಿವಾನಂದನದಲ್ಲ.

ಈ ಪರದೇಶದ ಇಟಾಸ್ಕಾ ಊರಿನ ನಮ್ಮ ಕಂಪನಿ ಒಂದು ಬೇಸಿಗೆ ನಮ್ಮಿಬ್ಬರನ್ನೂ ಪೋಲೆಂಡಿನ ಸಣ್ಣ ಊರೊಂದಕ್ಕೆ ಕಳಿಸಿತ್ತು. ಹೊರಡುವ ಮುಂಚೆ ಒಂದೇ ಅಂಗಡಿಯ ಡಿಸ್ಕೌಂಟಿನಲ್ಲಿ ಇಬ್ಬರೂ ಒಂದೇ ಥರದ ಕಂದು ಬೂಟು ಕೊಂಡಿದ್ದೆವು. ಭಾನುವಾರ ಹೊತ್ತು ಹೋಗದೆ ಅಲ್ಲಿನ ಫುಟ್‌ಬಾಲ್ ಮೈದಾನಕ್ಕೆ ಹೋದೆವು. ಎಲ್ಲಕ್ಕಿಂತ ಕೆಳಗಿನ ಲೀಗಂತೆ. ಎಂಥ ಮೈದಾನ! ಗೋಲಿನ ಹಿಂದೆಯೇ ಎಲೆಕೋಸಿನ ತೋಟ; ಚೆಂಡು ಅಲ್ಲಿ ಬಿದ್ದರೆ ತೋಟದ ಅಜ್ಜಿ ಬೈದು ಮುಗಿಸುವವರೆಗೆ ಎರಡು ತಂಡದವರೂ ಸೊಂಟಕ್ಕೆ ಕೈಯಿಟ್ಟು ಕಾಯಬೇಕು. ಹುಲ್ಲು ಕತ್ತರಿಸುವ ಕೆಲಸ ಒಂದು ಮೇಕೆಯದು. ಗೇಟಿನ ಪಕ್ಕ ಹೂವಿಟ್ಟ ಮೇರಿಯಮ್ಮನ ಪುಟ್ಟ ಗುಡಿ. ಅದನ್ನು ಕಂಡದ್ದೇ ನಮ್ಮಲ್ಲೊಬ್ಬ ಅಭ್ಯಾಸಬಲದಿಂದ ಅಲ್ಲೇ ಬೂಟು ಬಿಚ್ಚಿಟ್ಟು, ಬರೀ ಸಾಕ್ಸಿನಲ್ಲಿ ಕೂತು ಪೂರ್ತಿ ಆಟ ನೋಡಿದ. ಆ ಪೆದ್ದ ಶಿವಾನಂದ.

ಮೊನ್ನೆ ಅರೋರಾದ ಗೆಳೆಯರ ಮನೆಯಲ್ಲಿ, ಎಲ್ಲರೂ ಅಡಿಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿಗೆ ಅವನು ದೂರದ ವಿಕ್ಸಮ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ. ಕಾಲು ಊದುತ್ತದೆಂದು ವರ್ಷಗಳಿಂದ ಉಪ್ಪು ಬಿಟ್ಟಿದ್ದಾನೆ. ಸಪ್ಪೆ ಅನ್ನದ ಡಬ್ಬಿ ಬಿಚ್ಚುತ್ತ ಎಲ್ಲರೆದುರು ಶುರುಮಾಡಿದ: “ಪೋಲೆಂಡಿನ್ಯಾಗ ಇಂವಾ ಬೂಟು ಕಳದು ಕುಂತಿದ್ನಪಾ, ಗುಡಿಗೆ ಬಂದೋರಗತೆ!”

“ಬಿಚ್ಚಿದ್ದು ನೀನು ಕಣಯ್ಯಾ!”

“ಏ, ನೀನಽ ಮಾರಾಯಾ! ನಾ ನಕ್ಕೋತ ಕುಂತಿದ್ದೆ.”

ಯಾರದೋ ಮಗಳು, “ಅಂಕಲ್, ಯು ವಾಚ್ಡ್ ದ ಗೇಮ್ ಇನ್ ಯುವರ್ ಸಾಕ್ಸ್?” ಎಂದು ಕಣ್ಣರಳಿಸಿದಳು. ಮನೆಯೆಲ್ಲ ನಗು. ತಟ್ಟೆಯಲ್ಲಿದ್ದ ಬಿಸಿಬೇಳೆಬಾತು ಅಲ್ಲೇ ಬಿಟ್ಟು ಹೆಂಡತಿ ಸುಧಾಳನ್ನು ಎಬ್ಬಿಸಿಕೊಂಡು ಹೊರಟೆ.

ದಾರಿಯುದ್ದಕ್ಕೂ ಉರಿ, ಉರಿಯೊಳಗೊಂದು ಅಳುಕು. ನಾನೇ ಬಿಚ್ಚಿದ್ದೆನೇ? ಮನೆಗೆ ಬಂದವನೇ ಕ್ಲಾಸೆಟ್ಟಿನ ಮೂಲೆಯಿಂದ ಆ ಬೂಟು ಎಳೆದೆ. ಪೋಲೆಂಡಿನಿಂದ ಬಂದ ಮೇಲೆ ಯಾಕೋ ಸಡಿಲವಾಗಿ, ಹಾಕುವುದನ್ನೇ ಬಿಟ್ಟಿದ್ದೆ. ಮೈದಾನದ ಕೆಸರು ಅಟ್ಟೆಗೆ ಅಂಟಿದ್ದರೆ ಬೂಟು ನನ್ನ ಕಾಲಲ್ಲೇ ಇತ್ತೆಂದು ಸಾಬೀತಾಗುತ್ತದಲ್ಲ!

ಸುಧಾ ಬಗ್ಗಿ ನೋಡಿದಳು. “ಇದರಲ್ಲಿ ಸೈಜ್ ಹತ್ತು ಅಂತಿದೆ. ನಿಮ್ಮದು ಎಂಟಲ್ವಾ?”

ದೀಪದ ಕೆಳಗೆ ಹಿಡಿದು ನೋಡಿದೆ. ಹತ್ತೇ.

“ಅಂದ್ರೆ ಇಬ್ಬರೂ ಬಿಚ್ಚಿದ್ದೀರಿ. ಬರ್ತಾ ಒಬ್ಬರದು ಒಬ್ಬರು ಹಾಕ್ಕೊಂಡು ಬಂದಿದ್ದೀರಿ.”

ಬೂಟು ಸಡಿಲವಾದಾಗ ಕಾಲು ಸೊರಗುತ್ತಿದೆಯೆಂದು ಹೆದರಿ ರಕ್ತ ಪರೀಕ್ಷೆ ಮಾಡಿಸಿದವನು ನಾನು. ಜಗತ್ತನ್ನೇ ಸಂಶಯಿಸಿದೆ, ನನ್ನ ಕಾಲನ್ನೂ ಸಂಶಯಿಸಿದೆ. ಬೂಟೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

“ಪಾಪ, ನಿಮ್ಮ ಎಂಟರ ಬೂಟು ಬಿಗಿಯಾದದ್ದಕ್ಕೆ ಕಾಲು ಊದಿದೆ ಅಂದ್ಕೊಂಡು ಉಪ್ಪು ಬಿಟ್ಟಿದ್ದಾರೆ; ಅವರ ಕಾಲಿಗೆ ಏನೂ ಆಗಿಲ್ಲ. ಫೋನ್ ಮಾಡಿ ಹೇಳಿ,” ಎಂದಳು ಸುಧಾ.

ಹೇಳಬೇಕು. ಆದರೆ ಹೇಳಿದರೆ ನಾನೂ ಬಿಚ್ಚಿದ್ದೆನೆಂದು ಒಪ್ಪಬೇಕಾಗುತ್ತದೆ. ಇನ್ನೊಂದಿಷ್ಟು ದಿನ ಸಪ್ಪೆಯೇ ತಿನ್ನಲಿ.