ನನ್ನ ಹಸಿರು ಸ್ವೆಟರನ್ನು ಬಿಚ್ಚಿಸಿಕೊಂಡ ಮಳಿಗೆಯವರಿಗೆ

ಮಾನ್ಯ ವ್ಯವಸ್ಥಾಪಕ ಮಹಾಶಯರೇ,

ತಮಗೂ, ತಮ್ಮ ಮಳಿಗೆಯ ತಣ್ಣನೆಯ ಗಾಳಿಗೂ, ತಾನಾಗಿಯೇ ತೆರೆದುಕೊಳ್ಳುವ ಗಾಜಿನ ಬಾಗಿಲಿಗೂ, ಮೈಗೆಲ್ಲ ನೀರು ಚಿಮುಕಿಸಿಕೊಂಡು ತೊಟ್ಟಿಲ ಕೂಸುಗಳಂತೆ ಮಲಗಿರುವ ಕ್ಯಾರೆಟ್ಟುಗಳಿಗೂ ನನ್ನ ಅನಂತ ನಮಸ್ಕಾರಗಳು. ತಮ್ಮಂಥ ದೊಡ್ಡವರ ಅಮೂಲ್ಯ ಸಮಯವನ್ನು ಒಂದು ಸ್ವೆಟರಿನ ಸಲುವಾಗಿ ಹಾಳುಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಆದರೆ ಆ ಸ್ವೆಟರು ನನ್ನದು, ಹೆಣೆದವಳು ನನ್ನ ಹೆಂಡತಿ, ಮತ್ತು ಅದು ಸದ್ಯ ತಮ್ಮ ಕಚೇರಿಯ ಬೀರುವಿನಲ್ಲಿದೆ.

ನಾನು ತಮ್ಮ ಮಳಿಗೆಯ ವೈರಿಯೇನಲ್ಲ. ಬೈಯುವುದೂ ನಾನೇ, ದಿನಾ ಸಂಜೆ ತಪ್ಪದೆ ಬರುವುದೂ ನಾನೇ. ಹೆಸರು ಹೇಳಲು ನಾಲಿಗೆ ಹೊರಳದ ಬ್ರೆಡ್ಡನ್ನು ಬೆರಳು ಮಾಡಿ ತೋರಿಸಿ ಕೇಳುವಾಗ ನಾಚಿಕೆಯಾಗುತ್ತದೆ, ಬೆಲೆ ನೋಡಿದಾಗ ಹೊಟ್ಟೆ ಉರಿಯುತ್ತದೆ, ಮನೆಗೆ ತಂದು ತಿಂದಾಗ ಮಾತ್ರ, ಸುಳ್ಳೇಕೆ ಹೇಳಲಿ, ಎಲ್ಲ ಮರೆತುಹೋಗುತ್ತದೆ. ತಮ್ಮ ಮೊಟ್ಟೆಯ ಡಬ್ಬಿಯ ಮೇಲೆ, ಆ ಮೊಟ್ಟೆಯಿಟ್ಟ ಕೋಳಿಗಳು ಬಯಲಲ್ಲಿ ಸ್ವಚ್ಛಂದವಾಗಿ ಅಡ್ಡಾಡುತ್ತ, ಇಂಪಾದ ಸಂಗೀತ ಕೇಳುತ್ತ ಬೆಳೆದವೆಂದು ಅಚ್ಚಾಗಿರುವುದನ್ನು ಓದಿ, ಸರ್ವಿಸಿನುದ್ದಕ್ಕೂ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಧೂಳು ಕುಡಿಯುತ್ತ ಕೂತಿದ್ದ ನಾನು ಆ ಕೋಳಿಗಳನ್ನು ಕಂಡು ಕರುಬಿದ್ದೂ ಉಂಟು. ರುಚಿ ನೋಡಲೆಂದು ಕಡ್ಡಿಗೆ ಸಿಕ್ಕಿಸಿ ಕೊಡುವ ಚೀಸನ್ನು ಒಂದು ಸಲ ಕನ್ನಡಕ ಹಾಕಿಕೊಂಡು, ಮತ್ತೊಂದು ಸಲ ಕನ್ನಡಕ ತೆಗೆದು ತಿಂದವನು ನಾನು. ಕೊಡುವ ಹುಡುಗಿ ಗುರುತು ಹಿಡಿದೂ ಸುಮ್ಮನಿದ್ದಳು, ಅವಳ ಹೊಟ್ಟೆ ತಣ್ಣಗಿರಲಿ.

ತೊಂದರೆ ಶುರುವಾದದ್ದು ತಮ್ಮ ಚಳಿಯಿಂದ. ಸೊಪ್ಪು ಬಾಡಬಾರದೆಂದು ತಾವು ಮಳಿಗೆಯನ್ನು ಎಷ್ಟು ತಣ್ಣಗಿಡುತ್ತೀರೆಂದರೆ, ಸೊಪ್ಪು ನಳನಳಿಸುತ್ತದೆ, ಕೊಳ್ಳಲು ಬಂದವನು ಬಾಡುತ್ತಾನೆ. ಹಾಗಾಗಿ ನಾನು ಕಡುಹಸಿರು ಬಣ್ಣದ ಆ ಸ್ವೆಟರನ್ನು ತೊಟ್ಟು ಬರುತ್ತಿದ್ದೆ. ತಮ್ಮ ಮಳಿಗೆ ಹುಟ್ಟುವ ಮುಂಚಿನಿಂದಲೂ ಅದು ನನ್ನ ಮೈಮೇಲಿದೆ. ತಮ್ಮ ಕೆಲಸಗಾರರಿಗೂ ಅದೇ ಬಣ್ಣದ ಸ್ವೆಟರು ಹಂಚಬೇಕೆಂದು ತಮಗೆ ಹೊಳೆದದ್ದು ನನ್ನ ತಪ್ಪೇ? ಒಂದು ಸಂಜೆ ಗಿರಾಕಿಯೊಬ್ಬರು ನನ್ನ ತೋಳು ಮುಟ್ಟಿ, "ಸಾರ್, ಜೇನುತುಪ್ಪ ಎಲ್ಲಿಟ್ಟಿದ್ದೀರಾ?" ಅಂದರು. ಸ್ವಾಮಿ, ನಿವೃತ್ತನಾದ ಮೇಲೆ ಯಾರೊಬ್ಬರೂ ನನ್ನನ್ನು ಯಾವುದೂ ಎಲ್ಲಿದೆಯೆಂದು ಕೇಳಿರಲಿಲ್ಲ. ಮನೆಯಲ್ಲಿ ಕನ್ನಡಕ ಎಲ್ಲಿ, ಟವೆಲ್ಲು ಎಲ್ಲಿ ಎಂದು ಕೇಳುವವನು ನಾನು, ಬೈಸಿಕೊಳ್ಳುವವನೂ ನಾನು. ಆ ಒಂದು ಮಾತಿಗೆ ನನಗಾದ ಖುಷಿ ಅಷ್ಟಿಷ್ಟಲ್ಲ. ಅವರನ್ನು ಖುದ್ದಾಗಿ ಕರೆದೊಯ್ದು, ಜೇನುತುಪ್ಪದ ಬಾಟಲಿಯನ್ನು ಕೈಗಿತ್ತು ಬಂದೆ.

ಅಲ್ಲಿಂದಾಚೆ ಅವರಿವರು ಕೇಳುತ್ತ ಹೋದರು, ನಾನು ತೋರಿಸುತ್ತ ಹೋದೆ. ಹಾಗೆ ತೋರಿಸುವಾಗಲೇ ತಮ್ಮ ಕಪಾಟುಗಳ ಅವಸ್ಥೆ ಕಣ್ಣಿಗೆ ಬಿದ್ದದ್ದು. ಜೇನುತುಪ್ಪ ಒಂದು ಮೂಲೆ, ಜೇನುಮೇಣದ ಬತ್ತಿ ಇನ್ನೊಂದು ಮೂಲೆ. ಮೀನು ಇಲ್ಲಿ, ಮೀನೆಣ್ಣೆಯ ಗುಳಿಗೆ ಎಲ್ಲೋ ಅಲ್ಲಿ. ಒಂದೇ ವಿಷಯಕ್ಕೆ ಸೇರಿದವು ಹೀಗೆ ದಿಕ್ಕಾಪಾಲಾಗಿರುವುದನ್ನು ಕಂಡು ಸುಮ್ಮನಿರಲು ಗ್ರಂಥಪಾಲಕನ ಕೈಲಾಗುವುದಿಲ್ಲ. ದಿನಕ್ಕಿಷ್ಟು ಎಂದು ಎಲ್ಲವನ್ನೂ ವಿಷಯವಾರು ಜೋಡಿಸತೊಡಗಿದೆ. "ಮನೇಲಿ ಕುಡಿದ ಲೋಟ ಎತ್ತಿಡೋಕೆ ಬರಲ್ಲ, ಅಲ್ಲಿ ಹೋಗಿ ಊರೋರ ಡಬ್ಬಿ ಜೋಡಿಸ್ತಾರಂತೆ" ಎಂದು ಹೆಂಡತಿ ಮೂಗು ಮುರಿದಳು, ಆದರೆ ಸಂಜೆಯಾಗುತ್ತಲೇ ಸ್ವೆಟರನ್ನು ಕೊಡವಿ ಕೈಗೆ ಕೊಡುತ್ತಿದ್ದವಳೂ ಅವಳೇ. ಎಲ್ಲ ಸರಾಗವಾಗಿ ನಡೆದಿತ್ತು, ಇಲಿಬೋನುಗಳನ್ನು ತಂದು ಚೀಸಿನ ಪಕ್ಕದಲ್ಲಿ ಇಡುವವರೆಗೆ.

ವರ್ಗೀಕರಣದ ದೃಷ್ಟಿಯಿಂದ ಅದರಲ್ಲಿ ಎಳ್ಳಷ್ಟೂ ದೋಷವಿಲ್ಲವೆಂದು ಈಗಲೂ ವಾದಿಸಬಲ್ಲೆ. ಆದರೆ ಮುತ್ತಿನ ಸರದ ಮಹಿಳೆಯೊಬ್ಬರು ಅದನ್ನು ಕಂಡವರೇ "ಅಯ್ಯಯ್ಯೋ, ಇಲ್ಲಿ ಇಲಿ ಇದ್ಯಾ!" ಎಂದು ಕಿರುಚಿ, ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದರು, ಅವರ ಹಿಂದೆ ಮಿಕ್ಕವರೂ ಓಡಿದರು. ತಾವು ಕೆಂಡಾಮಂಡಲವಾಗಿ ನನ್ನನ್ನು ಕಚೇರಿಗೆ ಕರೆಸಿ, "ಇಂಥೋರನ್ನ ಯಾರ್ರೀ ಕೆಲಸಕ್ಕೆ ತಗೊಂಡಿದ್ದು? ಯೂನಿಫಾರಂ ಬಿಚ್ಚಿಟ್ಟು ಹೊರಡಿ, ನಾಳೆಯಿಂದ ಬರಬೇಡಿ" ಎಂದು ಅಪ್ಪಣೆ ಕೊಡಿಸಿದಿರಿ. ನಾನು ನಿಮ್ಮ ಕೆಲಸಗಾರನೇ ಅಲ್ಲ ಎನ್ನಬಹುದಿತ್ತು. ಆದರೆ ನಾಳೆಯಿಂದ ಬರಬೇಡಿ ಅನ್ನಿಸಿಕೊಳ್ಳಬೇಕಾದರೆ ಇವತ್ತಿನವರೆಗೆ ಕೆಲಸದಲ್ಲಿದ್ದಿರಬೇಕಲ್ಲ, ಆ ಗೌರವವನ್ನು ಕೈಯಾರೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸ್ವೆಟರು ಬಿಚ್ಚಿ, ಮಡಿಸಿ, ತಮ್ಮ ಮೇಜಿನ ಮೇಲಿಟ್ಟೆ, ತಾವದನ್ನು ಬೀರುವಿಗೆ ಸೇರಿಸಿದ್ದನ್ನು ನೋಡಿ ಹೊರಟುಬಂದೆ.

ಮನೆಯಲ್ಲಿ ನಡೆದದ್ದನ್ನು ಬರೆಯಲು ಕಾಗದ ಸಾಲದು. "ಕೊಡೆ ಬಿಟ್ಟುಬರೋರನ್ನ ನೋಡಿದೀನಿ, ಮೈಮೇಲಿನ ಬಟ್ಟೆ ಬಿಟ್ಟುಬರೋರನ್ನ ನೋಡಿರಲಿಲ್ಲ" ಎಂದವಳು ಆಮೇಲೆ ನನ್ನೊಡನೆ ಮಾತೇ ಆಡಿಲ್ಲ. ಬಡಿಸುತ್ತಾಳೆ, ಆದರೆ ಇನ್ನಷ್ಟು ಬೇಕೇ ಎಂದು ಕೇಳುವುದಿಲ್ಲ. ಅದು ಅವಳ ಕಣ್ಣು ಚೆನ್ನಾಗಿದ್ದಾಗ ಹೆಣೆದದ್ದು ಸ್ವಾಮಿ, ಅಷ್ಟು ಸಣ್ಣ ಹೆಣಿಗೆ ಈಗ ಅವಳಿಗೆ ಆಗುವುದಿಲ್ಲ. ನನಗೆ ನಿಜಕ್ಕೂ ಸಂಕಟವಾಗಿದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಬೀರು ತೆಗೆಸಬೇಕು. ತಮ್ಮ ಸಮವಸ್ತ್ರಗಳ ನಡುವೆ ಎಡತೋಳು ಬಲತೋಳಿಗಿಂತ ಉದ್ದವಿರುವುದೇ ನನ್ನದು. ತಪ್ಪು ಹೆಣಿಗೆಯದಲ್ಲ, ನನ್ನ ಕೈಯದು ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಅದನ್ನು ನನ್ನ ಕೈಗಲ್ಲ, ತಾವೇ ಬಂದು ಅವಳ ಕೈಗೊಪ್ಪಿಸಿ, ಬೈಗುಳವನ್ನೂ ನನ್ನ ಪರವಾಗಿ ಸ್ವೀಕರಿಸಿದರೆ ಮಹದುಪಕಾರ. ಜೊತೆಗೆ, ನಾನೆಂದೂ ಸೇರದ ಕೆಲಸಕ್ಕೆ ನನ್ನನ್ನು ಮರಳಿ ಸೇರಿಸಿಕೊಂಡು, ಕೂಡಲೇ ನಿವೃತ್ತಿಗೊಳಿಸಿ, ಸಾಧ್ಯವಾದರೆ ಆ ಕೋಳಿಗಳಿರುವ ಬಯಲಿಗೆ ವರ್ಗಾಯಿಸಬೇಕಾಗಿ ವಿನಂತಿ.

ಇಂತು, ನಡುಗುತ್ತಲೇ ಸಹಿ ಹಾಕಿದ,
ತಮ್ಮ ವಿಶ್ವಾಸಿ,
ಕೆಲಸಕ್ಕೆ ಸೇರುವ ಮೊದಲೇ ವಜಾಗೊಂಡ ನಿವೃತ್ತ ಗ್ರಂಥಪಾಲಕ

ತಾ.ಕ.: ಇದೀಗ ಹೆಂಡತಿ ಮೌನ ಮುರಿದಿದ್ದಾಳೆ. ನನ್ನನ್ನು ವಜಾ ಮಾಡಿದ ದಿನ ತಾವು ಯಾವ ಬಣ್ಣದ ಕೋಟು ತೊಟ್ಟಿದ್ದಿರೆಂದು ಕೇಳಿದಳು. ಬೂದು ಎಂದೆ. ತಕ್ಷಣ ಹೋಗಿ ಬೂದುಬಣ್ಣದ ಉಣ್ಣೆ ತಂದು, ದಪ್ಪ ಹೆಣಿಗೆಯಾದರೂ ಪರವಾಗಿಲ್ಲವೆಂದು ನನಗೊಂದು ಕೋಟು ಹೆಣೆಯಲು ಶುರುಮಾಡಿಕೊಂಡಿದ್ದಾಳೆ. ಮುಗಿದ ಸಂಜೆಯೇ ಅದನ್ನು ತೊಟ್ಟು ತಮ್ಮಲ್ಲಿಗೆ ಬರುತ್ತೇನೆ. ತಮ್ಮ ಸಿಬ್ಬಂದಿ ನನ್ನನ್ನೇ ವ್ಯವಸ್ಥಾಪಕರೆಂದು ತಿಳಿದು ಎದ್ದು ನಿಂತರೆ, ನಾನು ಹೊರಡಿಸುವ ಮೊದಲ ಆಜ್ಞೆ ಹಸಿರು ಸ್ವೆಟರಿನ ಮುದುಕರನ್ನು ಸಕಲ ಮರ್ಯಾದೆಯೊಂದಿಗೆ ವಾಪಸು ಕರೆಸುವುದು. ಎರಡನೆಯದು, ಕಚೇರಿಯೊಳಗೆ ಕೂತಿರುವ ಇನ್ನೊಬ್ಬರು ಯಾರೆಂದು ವಿಚಾರಿಸಿ, ಅವರ ಕೋಟು ಬಿಚ್ಚಿಸಿಡುವುದು.