ನಲವತ್ತೊಂಬತ್ತರ ಸವಾರ, ಎರಡು ನಿಂಬೆಹಣ್ಣು

ಸುಳ್ಳು ಹೇಳುವುದಕ್ಕೂ ಒಂದು ವಯಸ್ಸಿದೆ. ಇಪ್ಪತ್ತಾರರಲ್ಲಿ ಹೇಳಿದ ಸುಳ್ಳು ಕೇಳುವವರಿಗೂ ಚೆಂದ, ಹೇಳುವವನಿಗೂ ಹುರುಪು. ಅದೇ ಸುಳ್ಳು ನಿಮ್ಮ ಜೊತೆಯಲ್ಲೇ ಬೆಳೆದು, ನಿಮ್ಮ ಹಾಗೆಯೇ ಬೊಜ್ಜು ಬಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ನಿಮ್ಮ ಕೊರಳಪಟ್ಟಿ ಹಿಡಿದರೆ ಎಲ್ಲಿ ಮುಖ ಮುಚ್ಚಿಕೊಳ್ಳುವುದು ಹೇಳಿ? ನನ್ನ ಸುಳ್ಳೇನೂ ಮಹಾ ಸುಳ್ಳಲ್ಲ. ನನಗೆ ಮೋಟರ್ ಸೈಕಲ್ ಓಡಿಸಲು ಬರುತ್ತದೆ ಎನ್ನುವುದು, ಅಷ್ಟೇ. ಇದನ್ನು ನಾನು ಒಂದೇ ಒಂದು ಸಲ ಹೇಳಿದ್ದು, ಅದೂ ಬಾಯಿಬಿಟ್ಟಲ್ಲ. ಒಂದು ಫೋಟೋ ಮೂಲಕ.

ಗದಗಿನಲ್ಲಿ ನನಗೆ ಹೆಣ್ಣು ನೋಡುತ್ತಿದ್ದ ಕಾಲ. ಸುಮಿತ್ರಾಳ ಮನೆಯವರು ಹುಡುಗನ ಫೋಟೋ ಕಳಿಸಿ ಎಂದಿದ್ದರು. ಗೆಳೆಯ ಬಸವರಾಜ, "ಲೇ, ಖಾಲಿ ಮುಖ ಕಳಿಸಬ್ಯಾಡಲೇ, ಆ ಮುಖ ನೋಡಿ ಯಾರು ಹೂಂ ಅಂತಾರ? ನನ್ನ ಗಾಡಿ ಮ್ಯಾಲೆ ಕುಂದ್ರು" ಎಂದ. ಕೂತೆ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಕಣ್ಣು ಕಿರಿದು ಮಾಡಿ, ಎದುರು ಗಾಳಿ ಬೀಸುತ್ತಿದೆಯೇನೋ ಎಂಬಂತೆ ಸ್ವಲ್ಪ ಮುಂದಕ್ಕೆ ಬಾಗಿದೆ. ಸ್ಟುಡಿಯೋದವನು ಕ್ಲಿಕ್ಕಿಸಿದ. ಹೆಣ್ಣು ನೋಡಲು ಹೋದಾಗ ಸುಮಿತ್ರಾಳ ಸೋದರಮಾವ ಮಧ್ಯಸ್ಥರನ್ನು, "ಹುಡುಗಗ ಗಾಡಿ ಛಲೋ ಬರ್ತೈತೇನ್ರಿ?" ಎಂದು ಕೇಳಿದರು. "ಗಾಳಿ ಹಂಗ ಓಡಸ್ತಾನ್ರಿ" ಎಂದು ಆ ಪುಣ್ಯಾತ್ಮ ಹೇಳಿಬಿಟ್ಟ. ನಾನು ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದೆ. ಮದುವೆಯಾಯಿತು. ಮರುತಿಂಗಳು ಏಜೆಂಟನೊಬ್ಬನ ಕಡೆಯಿಂದ ಲೈಸೆನ್ಸನ್ನೂ ಮಾಡಿಸಿಕೊಂಡೆ, ಸುಳ್ಳಿಗೊಂದು ಸರ್ಕಾರಿ ಕಾಗದ ಇರಲಿ ಎಂದು. ಅದಕ್ಕಾಗಿ ನಾನು ಮಾಡಿದ ಸಾಹಸವೆಂದರೆ ಎರಡು ಕಡೆ ಸಹಿ ಹಾಕಿದ್ದು.

ಇನ್ನು ನನ್ನ ಉದ್ಯೋಗ ಕೇಳಿದರೆ ನೀವು ನಗುತ್ತೀರಿ. ನಾನು ವಿಮಾ ಕಚೇರಿಯಲ್ಲಿ ವಾಹನ ಅಪಘಾತದ ಕ್ಲೇಮುಗಳನ್ನು ನೋಡುವವನು. ಸೂರತ್, ಅಹಮದಾಬಾದ್, ಈಗ ವಡೋದರಾ ಎಂದು ಹತ್ತೊಂಬತ್ತು ವರ್ಷಗಳಿಂದ ಗುಜರಾತಿನಲ್ಲೇ ಸುತ್ತುತ್ತಾ, ಬಿದ್ದವರಿಗೆಲ್ಲ ಬೀಳದೆ ಓಡಿಸುವುದು ಹೇಗೆಂದು ಬುದ್ಧಿ ಹೇಳುತ್ತಾ ಬಂದಿದ್ದೇನೆ. "ಮುಂದಿನ ಬ್ರೇಕನ್ನೇ ಯಾಕೆ ಒತ್ತಿದಿರಿ? ಗೇರು ಇಳಿಸಬೇಕಿತ್ತಲ್ಲ?" ಎಂದು ನಾನು ಕನ್ನಡಕದ ಮೇಲಿಂದ ಕೇಳಿದರೆ, ಬ್ಯಾಂಡೇಜು ಕಟ್ಟಿಕೊಂಡವರು ತಪ್ಪಿತಸ್ಥರ ಹಾಗೆ ನೆಲ ನೋಡುತ್ತಿದ್ದರು. ಫೋಟೋ ನೋಡಿ ಸುಳ್ಳು ಹಿಡಿಯುವುದರಲ್ಲಂತೂ ನನಗೆ ಹೆಸರಿತ್ತು. ಸೂರತ್ತಿನಲ್ಲಿದ್ದಾಗ ವರಾಛಾದ ವಜ್ರ ಉಜ್ಜುವವನೊಬ್ಬ ಮಳೆಯಲ್ಲಿ ಜಾರಿ ಬಿದ್ದೆನೆಂದು ಫೋಟೋ ತಂದಿದ್ದ. ಭೂತಗನ್ನಡಿ ಹಿಡಿದು ನೋಡಿದೆ. ಬಿದ್ದ ಗಾಡಿಯ ಪಕ್ಕದಲ್ಲಿ ಯಾರದೋ ಹಪ್ಪಳ ಒಣಗಿಸಿದ್ದ ಚಾಪೆ! ಮಳೆಯಲ್ಲಿ ಯಾವ ತಾಯಿ ಹಪ್ಪಳ ಒಣಗಿಸುತ್ತಾಳಪ್ಪ ಎಂದು ಕೇಳಿ ಅವನ ಬಾಯಿ ಮುಚ್ಚಿಸಿದೆ. ಈ ಕಥೆಯನ್ನು ನಾನು ಹೇಳದ ಮದುವೆಮನೆ ಇಲ್ಲ. ಸುಮಿತ್ರಾ ಪ್ರತಿಸಲವೂ ಪಕ್ಕದಲ್ಲಿ ಕೂತು, ಮೊದಲ ಸಲ ಕೇಳುವವಳ ಹಾಗೆ ಕೇಳುತ್ತಿದ್ದಳು.

ಇಷ್ಟು ವರ್ಷ ಗಾಡಿ ಕೊಳ್ಳದೆ ಹೇಗೆ ತಪ್ಪಿಸಿಕೊಂಡೆ ಎನ್ನುತ್ತೀರಾ? ಉದ್ಯೋಗವೇ ಕಾಪಾಡಿತು. "ದಿನಾ ಆ ಮುರಿದ ಕೈಕಾಲು ನೋಡಿ ನೋಡಿ ನನಗ ಗಾಡಿ ಮ್ಯಾಲಿನ ಮನಸ್ಸ ಹೋಗೇತಿ" ಎಂದು ನಿಟ್ಟುಸಿರು ಬಿಟ್ಟರೆ ಸಾಕಿತ್ತು. ಆದರೆ ಈ ವರ್ಷ ನಮ್ಮ ಬಾಡಿಗೆ ಮನೆ ಮಾಂಜಲ್‌ಪುರ ಬಡಾವಣೆಗೆ ಬದಲಾಯಿತು. ಕಚೇರಿಗೆ ಎರಡು ಶೇರ್ ರಿಕ್ಷಾ ಹಿಡಿಯಬೇಕು. ಒಂದು ದಿನ ನಾನು ಮುದುಡಿದ ಅಂಗಿಯಲ್ಲಿ ಮನೆಗೆ ಬಂದದ್ದನ್ನು ನೋಡಿ ಮಗಳು ನಿಧಿ, "ಅಪ್ಪಾ, ಬೈಕ್ ತಗೋ ನಾ! ನಿಂಗೆ ತೋ ಬರ್ತದಲ್ಲಾ, ಆ ಫೋಟೋದಲ್ಲಿ ಎಷ್ಟು ಮಸ್ತ್ ಇದ್ದಿ!" ಎಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡದಲ್ಲಿ ಹಿಂದಿ, ಗುಜರಾತಿ ಎಲ್ಲ ಕೈಕೈ ಹಿಡಿದುಕೊಂಡು ಬರುತ್ತವೆ. ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಗೇರ್ ಇಲ್ಲದ ಸ್ಕೂಟರ್ ತೊಗೊಳ್ರಿ ಸಾಕು. ಈಗಿನ ಟ್ರಾಫಿಕ್ಕಿಗೆ ಅದ ಛಲೋ. ನಾನೂ ಕಲೀತೀನಿ" ಎಂದಳು.

ದೇವರು ನನಗೆ ಆ ಕ್ಷಣದಲ್ಲಿ ಬಾಗಿಲು ತೆರೆದಿದ್ದ. ನಾನು ಒಳಗೆ ಹೋಗಬೇಕಿತ್ತು. ಆದರೆ ಮಗಳು ಬೇರೆ ಆ ಫೋಟೋದ ಸುದ್ದಿ ಎತ್ತಿದ್ದಳಲ್ಲ, ಜಂಬ ತಲೆಗೇರಿತು. "ಮೋಟರ್ ಸೈಕಲ್ ಓಡಿಸಿದ ಕೈಗೆ ಸ್ಕೂಟರ್ ಕೊಡ್ತೀಯೇನು?" ಎಂದುಬಿಟ್ಟೆ. ಸುಮಿತ್ರಾ, "ಆತ್ ಬಿಡ್ರಿ, ನಿಮ್ಮ ಇಚ್ಛಾ" ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿಯ ಸದ್ದು ಸ್ವಲ್ಪ ಜೋರಾಗಿಯೇ ಇತ್ತು ಎಂದು ಈಗ ಅನ್ನಿಸುತ್ತದೆ.

ಶೋರೂಮಿನಲ್ಲಿ ಮಾರುವ ಹುಡುಗಿ "ಅಂಕಲ್, ಒಂದು ರೌಂಡ್ ಓಡಿಸಿ ನೋಡುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದಳು. ನಾನು ಗಾಡಿಯ ಟ್ಯಾಂಕಿನ ಮೇಲೆ ಎರಡು ಸಲ ತಟ್ಟಿ, ಎತ್ತಿನ ಸಂತೆಯಲ್ಲಿ ಹಲ್ಲು ನೋಡುವವನ ಗಾಂಭೀರ್ಯದಿಂದ "ಬೇಕಾಗಿಲ್ಲ, ನೋಡಿದರೇ ತಿಳಿಯುತ್ತದೆ" ಎಂದೆ. ಗಾಡಿ ದಸರೆಯ ದಿನ ಕೈಗೆ ಬರುವುದೆಂದು ಗೊತ್ತಾಯಿತು. ನನಗೆ ಎಂಟು ದಿನ ಸಮಯವಿತ್ತು. ಆ ಎಂಟು ದಿನ ಮನೆಯವರೆಲ್ಲ ಗರ್ಬಾ ಕುಣಿತ ನೋಡಲು ಹೋದಾಗ ನಾನು ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ಸೋಫಾದ ಕೈ ಮೇಲೆ ಕಾಲು ಇಳಿಬಿಟ್ಟು ಕೂತು, ಪೊರಕೆಯನ್ನು ಅಡ್ಡ ಹಿಡಿದು ಅಭ್ಯಾಸ ಮಾಡಿದೆ. ಎಡಗೈ ಕ್ಲಚ್ಚು, ಎಡಗಾಲು ಗೇರು, ಬಲಗೈ ಆಕ್ಸಿಲರೇಟರು. ಸೋಫಾ ಒಂದು ಸಲವೂ ಬಂದ್ ಬೀಳಲಿಲ್ಲ. ನನಗೆ ಧೈರ್ಯ ಬಂತು.

ಈ ಊರಿನಲ್ಲಿ ದಸರೆಯೆಂದರೆ ಬೆಳಿಗ್ಗೆ ಕಡಲೆಹಿಟ್ಟಿನ ಫಾಫಡಾ, ಜಿಲೇಬಿ, ಆಮೇಲೆ ಹೊಸ ಗಾಡಿ. ಶೋರೂಮಿನ ಮುಂದೆ ಶಾಮಿಯಾನ ಹಾಕಿ, ಬಂದವರಿಗೆ ಕೊಡಲು ಮೇಜಿನ ಮೇಲೆ ಜಿಲೇಬಿಯ ಪರಾತ ಇಟ್ಟಿದ್ದರು. ಚೆಂಡುಹೂವಿನ ಹಾರ ಹಾಕಿದ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದೊಂದು ಗಾಡಿಗೂ ಪೂಜೆಯಾದ ಮೇಲೆ ಹಿಂದಿನ, ಮುಂದಿನ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಡುತ್ತಾರೆ. ಸವಾರ ಹೊರಟ ಕೂಡಲೇ ಅವು ಚಪ್ ಎಂದು ಒಡೆಯಬೇಕು, ದೃಷ್ಟಿ ಹೋಗಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಮುಹೂರ್ತ ಮುಗಿಯುವುದರೊಳಗೆ ಎಲ್ಲ ಆಗಬೇಕಾದ್ದರಿಂದ ಅವಸರವೋ ಅವಸರ. ನನ್ನ ಮುಂದೆ ಇದ್ದದ್ದು ಅರವತ್ತು ದಾಟಿದ ಒಬ್ಬ ಅಜ್ಜಿ. ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಏರಿದವರೇ ಚಪ್ ಚಪ್ ಎಂದು ಎರಡೂ ಹಣ್ಣು ಒಡೆದು, ಸೊಸೆಯನ್ನು ಹಿಂದೆ ಕೂರಿಸಿಕೊಂಡು ತರಕಾರಿ ತರಲು ಹೋಗುವ ಹಾಗೆ ಹೋಗಿಬಿಟ್ಟರು.

ನನ್ನ ಸರದಿ. ನಿಧಿ ಮೊಬೈಲ್ ಎತ್ತಿ ಹಿಡಿದಳು. ನಾನು ಕೂತು, ಬಟನ್ ಒತ್ತಿ, ಗೇರು ಹಾಕಿ, ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಬಿಕ್ಕಿ ಬಂದ್ ಆಯಿತು. ಎರಡನೆಯ ಸಲವೂ ಬಿಕ್ಕಿತು. ಮೂರನೆಯ ಸಲಕ್ಕೆ ಮಾರುವ ಹುಡುಗಿ "ನವೀ ಗಾಡಿ ಛೇ" ಎಂದು, ಹೊಸ ಗಾಡಿ ಹಾಗೇ ಎನ್ನುವ ಸಮಾಧಾನ ಹೇಳಿದಳು. ನಾಲ್ಕನೆಯ ಸಲಕ್ಕೆ ಹಿಂದಿನವರು ಹಾರ್ನ್ ಒತ್ತಿದರು. ಬೆವರು ಹೆಲ್ಮೆಟ್ಟಿನೊಳಗೆ ಕಣ್ಣಿಗೆ ಇಳಿಯುತ್ತಿತ್ತು. ಐದನೆಯ ಸಲ ಬಲಗೈಯನ್ನು ಪೂರ್ತಿ ತಿರುವಿ ಎಡಗೈಯನ್ನು ಪೂರ್ತಿ ಬಿಟ್ಟೆ. ಆಮೇಲೆ ನಡೆದದ್ದನ್ನು ನಿಧಿಯ ವಿಡಿಯೋದಲ್ಲಿ ನೋಡಿಯೇ ತಿಳಿದುಕೊಂಡೆ. ಗಾಡಿ ಕುದುರೆಯ ಹಾಗೆ ಹಾರಿತು, ಮುಂದಿನ ಹಣ್ಣು ಚಿಮ್ಮಿ ದೂರ ಉರುಳಿತು, ನಾನು ರಂಗೋಲಿ ದಾಟಿ ಸೀದಾ ಜಿಲೇಬಿ ಮೇಜಿಗೆ ಹೋದೆ. ಗಾಡಿ ಒಂದು ಕಡೆ, ಪರಾತ ಒಂದು ಕಡೆ, ನಾನು ನಡುವೆ. ಪೆಟ್ಟೇನೂ ಆಗಲಿಲ್ಲ. ತೋಳಿನ ತುಂಬ ಸಕ್ಕರೆ ಪಾಕ, ಅಷ್ಟೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಲ್ಲರೂ ಓಡಿ ಬಂದು ಕೂರಿಸಿ, ನೀರು ಕೊಟ್ಟು, "ಏನಾಯಿತು ಸಾಹೇಬ್?" ಎಂದು ಕೇಳಿದರು.

ಇಲ್ಲಿಯವರೆಗಿನದು ಬರೀ ಪೆದ್ದುತನ. ಇನ್ನು ಹೇಳುವುದು ಹಾಗಲ್ಲ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕ್ಲೇಮಿಗೆ ಬಂದವರೆಲ್ಲ ಹತ್ತೊಂಬತ್ತು ವರ್ಷಗಳಿಂದ ನನಗೆ ಹೇಳಿದ ಮಾತೇ ನನ್ನ ಬಾಯಿಂದ ಬಂತು: "ಬ್ರೇಕ್ ಹಿಡಿಯಲಿಲ್ಲ." ಶೋರೂಮಿನ ಮ್ಯಾನೇಜರ ಕೂಡಲೇ ತಿರುಗಿ, "ಮಹೇಶ!" ಎಂದು ಕೂಗಿದ. ಗಾಡಿಯನ್ನು ತಯಾರು ಮಾಡಿ ಕೊಟ್ಟಿದ್ದ ಮೆಕ್ಯಾನಿಕ್ ಮಹೇಶಭಾಯಿ ಕೈ ಒರೆಸಿಕೊಳ್ಳುತ್ತಾ ಬಂದ. ನನ್ನದೇ ವಯಸ್ಸಿನವನು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಎಲ್ಲರ ಎದುರಿಗೆ ಮ್ಯಾನೇಜರ ಅವನಿಗೆ ಗುಜರಾತಿಯಲ್ಲಿ ಬೈಯತೊಡಗಿದ. ಹಬ್ಬದ ದಿನ ಹೆಸರು ಕೆಡಿಸಿದೆ, ಬ್ರೇಕ್ ನೋಡದೆ ಗಾಡಿ ಕೊಟ್ಟೆ, ನಾಳೆಯಿಂದ ಬರಬೇಡ. ಮಹೇಶಭಾಯಿ ಒಂದೇ ಒಂದು ಸಲ "ನೋಡಿದ್ದೆ ಸಾಹೇಬ್, ಎರಡು ಸಲ ನೋಡಿದ್ದೆ" ಎಂದ. ನಂತರ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ನೀರಿನ ಲೋಟದೊಳಗೆ ನೋಡುತ್ತಾ ಕೂತೆ.

ಆಗ ಸುಮಿತ್ರಾ ಮುಂದೆ ಬಂದಳು. ಹತ್ತೊಂಬತ್ತು ವರ್ಷವಾದರೂ ಅವಳ ಹಿಂದಿ ಗದಗ ಬಿಟ್ಟು ಹೊರಗೆ ಬಂದಿಲ್ಲ. ಆದರೂ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ, "ಭಾಯಿಸಾಬ್, ಉನಕೋ ಮತ್ ಡಾಂಟೋ. ಗಾಡೀ ಅಚ್ಛಾ ಹೈ. ಇನಕೋ ಚಲಾನಾ ನಹೀ ಆತಾ" ಎಂದಳು. ಅವನನ್ನು ಬೈಯಬೇಡಿ, ಗಾಡಿ ಸರಿಯಿದೆ, ಇವರಿಗೇ ಓಡಿಸಲು ಬರುವುದಿಲ್ಲ ಎಂದು. ಮ್ಯಾನೇಜರನ ಬಾಯಿ ಅರ್ಧಕ್ಕೇ ನಿಂತಿತು. ನಿಧಿ, "ಮಮ್ಮೀ!" ಎಂದಳು. ಸುಮಿತ್ರಾ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೌದೋ ಅಲ್ಲೋ ಹೇಳ್ರಿ. ಆ ಮನಷ್ಯಾನ ಅನ್ನದ ಪ್ರಶ್ನಿ ಐತಿ" ಎಂದಳು. ನಾನು ಎದ್ದು ನಿಂತೆ. "ಹೌದು, ನನಗೆ ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಬ್ರೇಕ್ ಸರಿಯಾಗಿದೆ" ಎಂದೆ. ಧ್ವನಿ ಎಲ್ಲಿಂದಲೋ ಬಂದಂತಿತ್ತು. ಮಹೇಶಭಾಯಿ ಹೋಗಿ ಗಾಡಿ ಎತ್ತಿ ನಿಲ್ಲಿಸಿ, ಉರುಳಿ ಹೋಗಿದ್ದ ನಿಂಬೆಹಣ್ಣನ್ನು ಹುಡುಕಿ ತಂದು ಮತ್ತೆ ಚಕ್ರದ ಕೆಳಗಿಟ್ಟ.

ನಮ್ಮ ಮೆರವಣಿಗೆ ಮನೆಗೆ ಹೋದ ರೀತಿ ಹೀಗಿತ್ತು. ಮುಂದೆ ಹಾರ ಹಾಕಿದ ನನ್ನ ಮೋಟರ್ ಸೈಕಲ್ಲನ್ನು ಮಹೇಶಭಾಯಿ ಓಡಿಸುತ್ತಿದ್ದ, ಹಿಂದೆ ನಿಧಿ ಕೂತಿದ್ದಳು. ಅದರ ಹಿಂದೆ ಆಟೋದಲ್ಲಿ ನಾನು ಮತ್ತು ಸುಮಿತ್ರಾ. ಅರ್ಧ ದಾರಿ ಕಳೆದ ಮೇಲೆ ನಾನಿನ್ನೂ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದೇನೆಂದು ತಿಳಿಯಿತು. ತೆಗೆಯಲಿಲ್ಲ. ಮುಖ ಮುಚ್ಚಿಕೊಳ್ಳಲು ಅದೇ ಅನುಕೂಲವಾಗಿತ್ತು. ಅದರೊಳಗಿಂದಲೇ, "ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ. "ಮನೀಗೆ ನಡೀರಿ, ತೋರಸ್ತೀನಿ" ಎಂದಳು.

ಮನೆಯಲ್ಲಿ ಅವಳು ಸೀರೆಯ ಟ್ರಂಕಿನಿಂದ ಆ ಫೋಟೋ ತೆಗೆದು, ನನ್ನ ಭೂತಗನ್ನಡಿಯನ್ನೂ ಕೈಗೆ ಕೊಟ್ಟಳು. "ಕೆಳಗ ನೋಡ್ರಿ, ಚಕ್ರದ ಹತ್ರ" ಎಂದಳು. ನೋಡಿದೆ. ಕಣ್ಣು ಕಿರಿದು ಮಾಡಿ ಗಾಳಿ ಸೀಳಿಕೊಂಡು ಹೊರಟ ನನ್ನ ಕೆಳಗೆ ಬಸವರಾಜನ ಗಾಡಿ ನಡುವಿನ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹಿಂದಿನ ಚಕ್ರ ನೆಲದಿಂದ ಎರಡು ಬೆರಳು ಮೇಲಿತ್ತು. ಹಪ್ಪಳದ ಚಾಪೆ ಹುಡುಕಿದ ಮಹಾಶಯನಿಗೆ ಇಪ್ಪತ್ಮೂರು ವರ್ಷ ತನ್ನ ಸ್ಟ್ಯಾಂಡು ಕಂಡಿರಲಿಲ್ಲ. "ಫೋಟೋ ಬಂದ ದಿನಾನ ನೋಡಿದ್ನಿ. ನಮ್ಮ ಮಾವಗ ಹೇಳ್ಲಿಲ್ಲ. ಸುಳ್ಳ ಹೇಳಾಕೂ ನೆಟ್ಟಗ ಬರೂದಿಲ್ಲ ಈ ಮನಷ್ಯಾಗ, ಇಂಥಾಂವ ಗಂಡ ಆದ್ರ ಹೆದರಿಕಿ ಇಲ್ಲ ಅಂದ್ಕೊಂಡ್ನಿ" ಎಂದಳು ಸುಮಿತ್ರಾ. ಫೋಟೋವನ್ನು ಮತ್ತೆ ಟ್ರಂಕಿಗೆ ಹಾಕುತ್ತಾ, "ಇವತ್ತ ಮಾತ್ರ ಹೆದರಿಕಿ ಆತ್ರಿ. ಸುಳ್ಳ ನೆಟ್ಟಗ ಹೇಳಿಬಿಟ್ರಿ" ಎಂದಳು.

ಮರುದಿನ ಕಚೇರಿಯಲ್ಲಿ ಅಭ್ಯಾಸಬಲದಿಂದ ಒಂದು ಕ್ಲೇಮ್ ಫಾರ್ಮ್ ತೆಗೆದು ತುಂಬಿಸಲು ಕೂತೆ. 'ಅಪಘಾತ ಹೇಗಾಯಿತು' ಎನ್ನುವ ಕಡೆ, 'ಓಡಿಸುವವನಿಗೆ ಓಡಿಸಲು ಬರುತ್ತಿರಲಿಲ್ಲ' ಎಂದು ಬರೆದೆ. ಅಷ್ಟು ವರ್ಷಗಳಲ್ಲಿ ಅಂಥ ಉತ್ತರ ಬರೆದ ಫಾರ್ಮ್ ನನ್ನ ಮೇಜಿಗೆ ಬಂದಿರಲಿಲ್ಲ. ಬಂದಿದ್ದರೆ, ಇದರಲ್ಲೇನೋ ಮೋಸವಿದೆ ಎಂದು ನಾನೇ ತನಿಖೆ ಮಾಡಿಸುತ್ತಿದ್ದೆ. ಅದನ್ನು ಸಲ್ಲಿಸಲಿಲ್ಲ, ಮೇಜಿನ ಖಾನೆಯಲ್ಲಿಟ್ಟೆ. ಬ್ಯಾಂಡೇಜಿನವರು ಬಂದು "ಸಾಹೇಬ್, ಬ್ರೇಕ್ ಹಿಡಿಯಲಿಲ್ಲ" ಎಂದಾಗಲೆಲ್ಲ ಖಾನೆಯನ್ನು ಸ್ವಲ್ಪ ಎಳೆದು ನೋಡಿ, ಅವರಿಗೆ ಮೊದಲು ಚಹಾ ತರಿಸುತ್ತೇನೆ.

ಈಗ ಭಾನುವಾರ ಬೆಳಿಗ್ಗೆ ನಮ್ಮ ವಸತಿ ಸೊಸೈಟಿಯ ಹಿಂದಿನ ಬಯಲಿಗೆ ಮಹೇಶಭಾಯಿ ಬರುತ್ತಾನೆ. ಕ್ಷಮೆ ಕೇಳಲು ಹೋದವನಿಗೆ, "ಕ್ಷಮೆ ಬೇಡ ಸಾಹೇಬ್, ಕ್ಲಚ್ ಕಲಿಯಿರಿ. ಇಲ್ಲದಿದ್ದರೆ ಇನ್ನೊಬ್ಬ ಮೆಕ್ಯಾನಿಕ್ ಬೈಸಿಕೊಳ್ಳುತ್ತಾನೆ" ಎಂದಿದ್ದ. ನಾನು ಸುತ್ತು ಹಾಕುವಾಗ ನಿಧಿ ಪಕ್ಕದಲ್ಲಿ ಓಡುತ್ತಾ, "ಅಪ್ಪಾ, ಕ್ಲಚ್ ಧೀರೇ ಧೀರೇ ಬಿಡು ನಾ!" ಎಂದು ಕೂಗುತ್ತಾಳೆ. ಮೊನ್ನೆ ಬಂದ್ ಬೀಳಿಸದೆ ಮೂರು ಸುತ್ತು ಹಾಕಿದೆ. ಖುಷಿ ತಡೆಯಲಾಗದೆ ಗಾಡಿ ನಿಲ್ಲಿಸಿ, ಹ್ಯಾಂಡಲ್ ಹಿಡಿದು, ಕಣ್ಣು ಕಿರಿದು ಮಾಡಿ, ಸ್ವಲ್ಪ ಮುಂದಕ್ಕೆ ಬಾಗಿ, "ಒಂದು ಫೋಟೋ ತೆಗಿ, ನಿಮ್ಮ ಮಾವಗ ಕಳಿಸೋಣು" ಎಂದು ಬಯಲಿನ ಅಂಚಿನಲ್ಲಿ ನಿಂತಿದ್ದ ಸುಮಿತ್ರಾಳಿಗೆ ಹೇಳಿದೆ. ಸುಮಿತ್ರಾ ಮೊಬೈಲ್ ಎತ್ತಿದವಳು ಹಾಗೇ ಕೆಳಗಿಳಿಸಿದಳು.

"ಮೊದ್ಲ ಸ್ಟ್ಯಾಂಡ್ ತಗೀರಿ" ಎಂದಳು.

ನಾನು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಹೇಳಿದೆ: "ತಗದ್ರ ಬೀಳ್ತೀನಿ."